ವಡೆಗೆ ತೂತು, ಬ್ಯಾಟರಿಗೂ ತೂತು!



ಉದ್ದಿನ ವಡೆಗೆ ನಡುವೆ ತೂತು ಯಾಕೆ ಮಾಡ್ತಾರೆ ಗೊತ್ತಾ? ಉದ್ದಿನ ಹಿಟ್ಟು ದಪ್ಪ. ಹಾಗೇ ದೊಡ್ಡ ಉಂಡೆ ಮಾಡಿ ಎಣ್ಣೆಗೆ ಬಿಟ್ಟರೆ ಹೊರಗಡೆ ಸೀದು ಹೋಗುತ್ತೆ, ಒಳಗಡೆ ಹಸಿ ಹಿಟ್ಟು ಹಾಗೇ ಉಳಿಯುತ್ತೆ. ತೂತು ಮಾಡಿದರೆ ಕಾದ ಎಣ್ಣೆ ನಡುವಿನಿಂದಲೂ ತಾಗಿ ವಡೆ ಒಂದೇ ಸಮನಾಗಿ ಬೇಯುತ್ತೆ. ಇದು ನಮ್ಮ ಅಜ್ಜಿಯರಿಗೆ ಗೊತ್ತಿರುವ ವಿಜ್ಞಾನ.

ಈಗ ಇದೇ ಥರದ ಒಂದು ಯುಕ್ತಿಯನ್ನು ಜರ್ಮನಿ, ಅಮೆರಿಕ ಮುಂತಾದ ದೇಶಗಳ ವಿಜ್ಞಾನಿಗಳು ಬ್ಯಾಟರಿಯಲ್ಲಿ ಮಾಡಿ ನೋಡುತ್ತಿದ್ದಾರೆ. ಅವರು ತೂತು ಮಾಡೋದು ಲೇಸರ್ ಬೆಳಕಿನಿಂದ. ಆ ತೂತು ನಮ್ಮ ಕೂದಲಿಗಿಂತ ಸಣ್ಣದು. ಯಾಕೆ ಮಾಡ್ತಾರೆ, ಹೇಗೆ ಮಾಡ್ತಾರೆ, ಅದರಿಂದ ಏನು ಲಾಭ ಎಂಬುದನ್ನು ಈ ಸಲದ ಗೋಡೆ ಪತ್ರಿಕೆಯಲ್ಲಿ ತಿಳಿಯೋಣ.

ನಮಗೆ ಯಾಕೆ ಬೇಕು ಈ ವಿಷಯ?

ಮೊಬೈಲು ಎಲ್ಲರ ಮನೆಯಲ್ಲೂ ಇದೆ. ಬ್ಯಾಟರಿ ಸ್ಕೂಟರು, ಬ್ಯಾಟರಿ ಆಟೋಗಳು ರಸ್ತೆಗೆ ಬಂದಿವೆ. ಪೆಟ್ರೋಲ್ ಗಾಡಿಯಾದರೆ ಐದು ನಿಮಿಷದಲ್ಲಿ ಬಂಕಿನಲ್ಲಿ ತುಂಬಿಸಿಕೊಂಡು ಹೊರಡಬಹುದು. ಬ್ಯಾಟರಿ ಆಟೋವನ್ನು ಮನೆ ಪ್ಲಗ್ಗಿಗೆ ಹಾಕಿದರೆ ಗಂಟೆಗಟ್ಟಲೆ ಕಾಯಬೇಕು. ಆಟೋ ಓಡಿಸುವವರಿಗೆ ಗಾಡಿ ನಿಂತ ಹೊತ್ತು ಅಂದ್ರೆ ದುಡಿಮೆ ಇಲ್ಲದ ಹೊತ್ತು. ನಮ್ಮ ಕಡೆ ಕರೆಂಟು ಬಂದು ಹೋಗುವುದೂ ಉಂಟು.

ಹಾಗಾದ್ರೆ ಜೋರಾಗಿ ಚಾರ್ಜ್ ಮಾಡಿಬಿಡಬಹುದಲ್ವಾ? ಮಾಡಬಹುದು. ಆದರೆ ಬ್ಯಾಟರಿ ಎಷ್ಟು ತಡೆಯುತ್ತೋ ಅದಕ್ಕಿಂತ ಜೋರಾಗಿ ತುಂಬಿದರೆ ಅದು ಬೇಗ ಸಾಯುತ್ತೆ, ಕೆಲವು ಸಲ ಅಪಾಯವೂ ಆಗುತ್ತೆ. ಇದಕ್ಕೆ ಕಾರಣ ಬ್ಯಾಟರಿಯ ಹೊಟ್ಟೆಯೊಳಗೇ ಇದೆ.

ಬ್ಯಾಟರಿಯ ಹೊಟ್ಟೆಯಲ್ಲಿ ಏನಿದೆ?

ಮೊಬೈಲಿನಲ್ಲಿ ಇರುವುದು ಲಿಥಿಯಂ ಅಯಾನು ಬ್ಯಾಟರಿ. ಲಿಥಿಯಂ ಎಂಬುದು ಲೋಹಗಳಲ್ಲೆಲ್ಲಾ ಹಗುರವಾದ ಲೋಹ. ಪರಮಾಣು ಒಂದು ಎಲೆಕ್ಟ್ರಾನನ್ನು ಕಳೆದುಕೊಂಡರೆ ಅಥವಾ ಪಡೆದುಕೊಂಡರೆ ಅದನ್ನು ಅಯಾನು ಅನ್ನುತ್ತಾರೆ. ಲಿಥಿಯಂ ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ಅಯಾನು ಆಗುತ್ತೆ.

ಈ ಬ್ಯಾಟರಿಯನ್ನು ಮೊದಲು ಮಾರಾಟಕ್ಕೆ ತಂದದ್ದು ೧೯೯೧ರಲ್ಲಿ, ಜಪಾನಿನ ಸೋನಿ ಕಂಪನಿ. ಇದನ್ನು ಕಂಡುಹಿಡಿಯಲು ದುಡಿದ ಜಾನ್ ಗುಡ್‌ಇನಫ್, ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೋ ಎಂಬ ಮೂವರಿಗೆ ೨೦೧೯ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಬಹುಮಾನ ಬಂತು. ಆಗ ಗುಡ್‌ಇನಫ್ ಅವರಿಗೆ ೯೭ ವರ್ಷ! ನೊಬೆಲ್ ಪಡೆದವರಲ್ಲೇ ಹಿರಿಯರು ಅವರು.

ಬ್ಯಾಟರಿಯ ಒಳಗೆ ಮುಖ್ಯವಾಗಿ ನಾಲ್ಕು ಭಾಗಗಳಿವೆ.

೧. ಋಣ ವಿದ್ಯುದ್ವಾರ: ತೆಳ್ಳನೆಯ ತಾಮ್ರದ ಹಾಳೆ. ಅದರ ಮೇಲೆ ಗ್ರಾಫೈಟಿನ ಪುಡಿ ಬಳಿದಿರುತ್ತಾರೆ. ನಮ್ಮ ಪೆನ್ಸಿಲ್ ಕಡ್ಡಿಯಲ್ಲಿ ಇರುವುದೂ ಗ್ರಾಫೈಟೇ.

೨. ಧನ ವಿದ್ಯುದ್ವಾರ: ಅಲ್ಯೂಮಿನಿಯಂ ಹಾಳೆ. ಅದರ ಮೇಲೆ ಲಿಥಿಯಂ ಸೇರಿದ ಲೋಹದ ಆಕ್ಸೈಡಿನ ಪುಡಿ ಇರುತ್ತೆ. ಕೆಲವು ಬ್ಯಾಟರಿಗಳಲ್ಲಿ ಲಿಥಿಯಂ ಕಬ್ಬಿಣದ ಫಾಸ್ಫೇಟ್ ಇರುತ್ತೆ.

೩. ನಡುವಿನ ತಡಿಕೆ: ಎರಡೂ ವಿದ್ಯುದ್ವಾರಗಳು ಒಂದಕ್ಕೊಂದು ತಾಗದ ಹಾಗೆ ಇಟ್ಟಿರುವ, ಸಣ್ಣ ಸಣ್ಣ ರಂಧ್ರಗಳಿರುವ ಪ್ಲಾಸ್ಟಿಕ್ ಹಾಳೆ.

೪. ದ್ರವ: ಲಿಥಿಯಂ ಲವಣ ಕರಗಿಸಿದ ದ್ರವ. ಇದು ಎಲ್ಲಾ ಕಡೆ ನೆನೆದಿರುತ್ತೆ. ಅಯಾನುಗಳು ಓಡಾಡುವುದು ಇದರಲ್ಲೇ. ಈ ದ್ರವಕ್ಕೆ ಬೆಂಕಿ ಹತ್ತಿಕೊಳ್ಳುತ್ತೆ, ನೆನಪಿರಲಿ.

ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಧನ ಕಡೆಯಿಂದ ಹೊರಟು, ತಡಿಕೆ ದಾಟಿ, ಗ್ರಾಫೈಟಿನೊಳಗೆ ಹೋಗಿ ಕೂರುತ್ತವೆ. ಎಲೆಕ್ಟ್ರಾನುಗಳು ಹೊರಗಿನ ತಂತಿಯ ಮೂಲಕ ಬಂದು ಅಲ್ಲಿ ಸೇರುತ್ತವೆ. ನಾವು ಮೊಬೈಲು ಬಳಸುವಾಗ ಎಲ್ಲಾ ವಾಪಸ್ಸು ಹೋಗುತ್ತವೆ. ಗ್ರಾಫೈಟು ಪುಸ್ತಕದ ಹಾಳೆಗಳ ಹಾಗೆ ಪದರ ಪದರವಾಗಿದೆ. ಆ ಪದರಗಳ ನಡುವೆ ಲಿಥಿಯಂ ಸೇರಿಕೊಳ್ಳುತ್ತೆ. ಪೂರ್ತಿ ತುಂಬಿದಾಗ ೬ ಇಂಗಾಲದ ಪರಮಾಣುಗಳಿಗೆ ೧ ಲಿಥಿಯಂ ಲೆಕ್ಕ.

ವಿದ್ಯುದ್ವಾರ ಹೇಗೆ ತಯಾರಾಗುತ್ತೆ?

ಪುಡಿಗೆ ಅಂಟು ಮತ್ತು ದ್ರವ ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ಕಲಸುತ್ತಾರೆ. ಅದನ್ನು ಉದ್ದನೆಯ ಲೋಹದ ಹಾಳೆಗೆ, ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿಯುತ್ತಾರೆ. ಒಣಗಿಸುತ್ತಾರೆ. ಆಮೇಲೆ ಕಬ್ಬಿನ ಗಾಣದಂತೆ ಎರಡು ಉರುಳೆಗಳ ನಡುವೆ ಹಾಯಿಸಿ ಒತ್ತುತ್ತಾರೆ. ಒತ್ತಿದರೆ ಅದೇ ಜಾಗದಲ್ಲಿ ಹೆಚ್ಚು ಪುಡಿ ಹಿಡಿಯುತ್ತೆ.

ಈ ಬಳಿದ ಪದರದ ದಪ್ಪ ಎಷ್ಟು? ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಮೈಕ್ರಾನು ಅಂತ ಹೆಸರು. ನಮ್ಮ ತಲೆಕೂದಲು ಸುಮಾರು ೭೦ ಮೈಕ್ರಾನು ದಪ್ಪ. ವಿದ್ಯುದ್ವಾರದ ಪದರವೂ ಹೆಚ್ಚು ಕಡಿಮೆ ಅಷ್ಟೇ, ೫೦ರಿಂದ ೧೦೦ ಮೈಕ್ರಾನು.

ಇಲ್ಲೇ ಇರೋದು ತೊಡಕು

ಬ್ಯಾಟರಿಯಲ್ಲಿ ಹೆಚ್ಚು ವಿದ್ಯುತ್ತು ತುಂಬಬೇಕಾದರೆ ಪದರವನ್ನು ದಪ್ಪಗೆ ಬಳಿಯಬೇಕು. ಆದರೆ ದಪ್ಪಗೆ ಬಳಿದರೆ ಅಯಾನುಗಳು ತಳದ ತನಕ ಇಳಿಯುವುದು ತಡವಾಗುತ್ತೆ. ಒತ್ತಿದ ಪುಡಿಯಲ್ಲಿ ನೇರವಾದ ದಾರಿ ಇಲ್ಲ. ಸಂತೆಯ ಜನದ ನಡುವೆ ನುಗ್ಗಿ ಹೋಗುವ ಹಾಗೆ, ಕಾಳು ಕಾಳಿನ ಸಂದಿಯಲ್ಲಿ ಸುತ್ತಿ ಬಳಸಿ ಹೋಗಬೇಕು. ಅಯಾನುಗಳು ಬಾಣದಂತೆ ನೆಟ್ಟಗೆ ಹೋಗುವುದಿಲ್ಲ. ಅತ್ತ ಇತ್ತ ಅಲೆದಾಡುತ್ತಾ ಹರಡುತ್ತವೆ. ಹೀಗೆ ಹರಡುವಾಗ ದಪ್ಪ ೨ ಪಟ್ಟು ಆದರೆ ತಳ ಮುಟ್ಟುವ ಕಾಲ ೨ ಪಟ್ಟಲ್ಲ, ಸುಮಾರು ೪ ಪಟ್ಟು ಆಗುತ್ತೆ. ದಪ್ಪ ೩ ಪಟ್ಟು ಆದರೆ ಕಾಲ ೯ ಪಟ್ಟು!

ನಿಧಾನವಾಗಿ ಚಾರ್ಜ್ ಮಾಡಿದರೆ ಪರವಾಗಿಲ್ಲ. ಎಲ್ಲರಿಗೂ ಒಳಗೆ ಹೋಗಲು ಸಮಯ ಸಿಗುತ್ತೆ. ಜೋರಾಗಿ ಮಾಡಿದರೆ ಏನಾಗುತ್ತೆ ನೋಡಿ. ಜಾತ್ರೆ ಬಸ್ಸಿಗೆ ಎಲ್ಲರೂ ಒಟ್ಟಿಗೆ ನುಗ್ಗಿದಾಗ ಬಾಗಿಲಲ್ಲೇ ನೂಕುನುಗ್ಗಲು, ಹಿಂದಿನ ಸೀಟು ಖಾಲಿ. ಹಾಗೆಯೇ ಅಯಾನುಗಳು ಗ್ರಾಫೈಟಿನ ಮೇಲ್ಭಾಗದಲ್ಲೇ ಗುಂಪುಗೂಡುತ್ತವೆ, ತಳದ ಗ್ರಾಫೈಟು ಖಾಲಿ ಉಳಿಯುತ್ತೆ. ಮೇಲಿನ ಪದರಗಳಲ್ಲಿ ಜಾಗ ಸಿಗದ ಲಿಥಿಯಂ ಹೊರಗಡೆಯೇ ಲೋಹವಾಗಿ ಮೆತ್ತಿಕೊಳ್ಳುತ್ತೆ.

ಹೀಗೆ ಮೆತ್ತಿದ ಲಿಥಿಯಂನಲ್ಲಿ ಒಂದಷ್ಟು ಮತ್ತೆ ಕೆಲಸಕ್ಕೆ ಬರೋದಿಲ್ಲ. ಆದ್ದರಿಂದ ಬ್ಯಾಟರಿ ಹಿಡಿಯುವ ವಿದ್ಯುತ್ತು ದಿನದಿಂದ ದಿನಕ್ಕೆ ಕಡಿಮೆಯಾಗುತ್ತೆ. ಇನ್ನೂ ಕೆಟ್ಟದ್ದೆಂದರೆ ಈ ಲೋಹ ಕೆಲವು ಸಲ ಮುಳ್ಳಿನ ಹಾಗೆ ಬೆಳೆದು ನಡುವಿನ ತಡಿಕೆಯನ್ನು ಚುಚ್ಚಿಬಿಡಬಹುದು. ಆಗ ಎರಡು ಕಡೆಯೂ ತಾಗಿ ಶಾರ್ಟ್ ಆಗುತ್ತೆ, ಬಿಸಿಯಾಗುತ್ತೆ, ಬೆಂಕಿಯೂ ಹತ್ತಬಹುದು.

ಹೆಚ್ಚು ಹಿಡಿಯಬೇಕು ಅಂದ್ರೆ ನಿಧಾನ, ಬೇಗ ತುಂಬಬೇಕು ಅಂದ್ರೆ ಕಡಿಮೆ ಹಿಡಿಯುತ್ತೆ. ಅತ್ತ ದರಿ, ಇತ್ತ ಪುಲಿ ಎಂಬಂತಾಯಿತು. ಇದಕ್ಕೆ ಲೇಸರ್ ಒಂದು ದಾರಿ ಮಾಡಿಕೊಟ್ಟಿದೆ.

ಲೇಸರ್ ಅಂದ್ರೆ ಏನು?

ಟಾರ್ಚಿನ ಬೆಳಕು ದೂರ ಹೋದಂತೆ ಹರಡಿಕೊಳ್ಳುತ್ತೆ. ಲೇಸರ್ ಬೆಳಕು ಬಹಳ ಕಡಿಮೆ ಹರಡುತ್ತೆ. ಅದರ ಅಲೆಗಳೆಲ್ಲಾ ಪೆರೇಡಿನಲ್ಲಿ ಹೆಜ್ಜೆ ಹಾಕಿದ ಹಾಗೆ ಒಂದೇ ತಾಳದಲ್ಲಿ ಸಾಗುತ್ತವೆ. ಮೊದಲ ಲೇಸರನ್ನು ಮಾಣಿಕ್ಯದ ಹರಳಿನಿಂದ ಮಾಡಿ ತೋರಿಸಿದವರು ಅಮೆರಿಕದ ಥಿಯೋಡರ್ ಮೈಮನ್, ೧೯೬೦ರ ಮೇ ೧೬ರಂದು. ಮಸೂರದಿಂದ ಬಿಸಿಲನ್ನು ಒಂದು ಕಡೆ ಸೇರಿಸಿ ಕಾಗದ ಸುಡುವುದನ್ನು ನಾವೆಲ್ಲಾ ಮಾಡಿದ್ದೇವೆ. ಲೇಸರನ್ನು ಇನ್ನೂ ಸಣ್ಣ ಚುಕ್ಕೆಗೆ ಸೇರಿಸಬಹುದು. ಆ ಚುಕ್ಕೆಯಲ್ಲಿದ್ದ ವಸ್ತು ಕ್ಷಣದಲ್ಲಿ ಆವಿಯಾಗಿ ಹಾರಿಹೋಗುತ್ತೆ.

ಆದರೆ ಒಂದು ಭಯ ಇದೆ. ಬಿಸಿ ಅಕ್ಕಪಕ್ಕಕ್ಕೂ ಹರಡಿದರೆ ಪುಡಿಯನ್ನು ಹಿಡಿದಿರುವ ಅಂಟು ಸುಟ್ಟು ಹೋಗುತ್ತೆ. ಅದಕ್ಕೆ ವಿಜ್ಞಾನಿಗಳು ಬೆಳಕನ್ನು ತುಣುಕು ತುಣುಕಾಗಿ ಬಿಡುತ್ತಾರೆ. ಬಿಸಿ ಕಾವಲಿಯನ್ನು ಚಕ್ಕನೆ ಮುಟ್ಟಿ ಕೈ ತೆಗೆದರೆ ಸುಡುವುದು ಕಡಿಮೆ, ಕೈ ಇಟ್ಟುಕೊಂಡಿದ್ದರೆ ಬೊಬ್ಬೆ. ಇದೂ ಹಾಗೇ. ಬಹಳ ಚಿಕ್ಕ ತುಣುಕನ್ನು ಫೆಮ್ಟೋಸೆಕೆಂಡಿನಲ್ಲಿ ಅಳೆಯುತ್ತಾರೆ. ಒಂದರ ಮುಂದೆ ೧೫ ಸೊನ್ನೆ ಬರೆದು, ಒಂದು ಸೆಕೆಂಡನ್ನು ಅಷ್ಟು ಪಾಲು ಮಾಡಿದರೆ ಒಂದು ಪಾಲು ಒಂದು ಫೆಮ್ಟೋಸೆಕೆಂಡು. ಬೆಳಕು ಸೆಕೆಂಡಿಗೆ ೩ ಲಕ್ಷ ಕಿಲೋಮೀಟರು ಓಡುತ್ತೆ ಅಂತ ನಾವು ಓದಿದ್ದೇವೆ. ಅಂಥ ಬೆಳಕು ೧೦೦ ಫೆಮ್ಟೋಸೆಕೆಂಡಿನಲ್ಲಿ ಓಡುವುದು ೩೦ ಮೈಕ್ರಾನು ಮಾತ್ರ. ಒಂದು ಕೂದಲಿನ ದಪ್ಪವನ್ನೂ ದಾಟೋದಿಲ್ಲ! ಇಷ್ಟು ಚಿಕ್ಕ ಮತ್ತು ಬಲವಾದ ತುಣುಕು ಮಾಡುವ ವಿಧಾನವನ್ನು ೧೯೮೫ರಲ್ಲಿ ತೋರಿಸಿದ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರು ಅವರಿಗೆ ೨೦೧೮ರ ಭೌತ ವಿಜ್ಞಾನದ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು.

ತೂತು ಮಾಡಿದ ಮೇಲೆ ಏನಾಯಿತು?

ಜರ್ಮನಿಯ ಕಾರ್ಲ್ಸ್‌ರೂ ತಂತ್ರಜ್ಞಾನ ಸಂಸ್ಥೆಯಲ್ಲಿ ವಿಲ್‌ಹೆಲ್ಮ್ ಫ್ಲೆಗಿಂಗ್ ಅವರ ತಂಡ ಬಹಳ ವರ್ಷಗಳಿಂದ ಈ ಕೆಲಸದಲ್ಲಿದೆ. ಅವರು ಚಿಕ್ಕ ತುಣುಕಿನ ಲೇಸರಿನಿಂದ ವಿದ್ಯುದ್ವಾರದ ಮೇಲೆ ನೇಗಿಲ ಸಾಲಿನಂಥ ಗೀರುಗಳನ್ನು ಮಾಡುತ್ತಾರೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ನೀಲ್ ದಾಸ್‌ಗುಪ್ತಾ ಅವರ ತಂಡ ಗ್ರಾಫೈಟಿನಲ್ಲಿ ಸಾಲು ಸಾಲಾಗಿ ತೂತುಗಳನ್ನು ಮಾಡಿತು. ವಡೆಯ ತೂತು ಆಚೆಯಿಂದ ಈಚೆಗೆ ಇರುತ್ತೆ. ಇವು ತಾಮ್ರದ ಹಾಳೆಯ ತನಕ ಮಾತ್ರ ಇಳಿಯುವ ಗುಂಡಿಗಳು. ಗುಂಡಿಯಲ್ಲಿ ದ್ರವ ನಿಂತಿರುತ್ತೆ. ಅಯಾನುಗಳು ಅದರಲ್ಲಿ ಬಾವಿಗೆ ಇಳಿದ ಹಾಗೆ ಸಲೀಸಾಗಿ ಕೆಳಗೆ ಇಳಿದು, ಅಲ್ಲಿಂದ ಅಡ್ಡಕ್ಕೆ ಹರಡುತ್ತವೆ. ಹೊಲದಲ್ಲಿ ಕಾಲುವೆ ತೆಗೆದರೆ ಕೊನೆಯ ಪಾತಿಗೂ ನೀರು ಮುಟ್ಟುವುದಿಲ್ಲವೇ, ಹಾಗೆ.

ಮಿಷಿಗನ್ ತಂಡ ತನ್ನ ಫಲಿತಾಂಶವನ್ನು ೨೦೨೦ರಲ್ಲಿ ಪ್ರಕಟಿಸಿತು. ಮೊದಲು ೧೦೦ ಕೊಡ ನೀರು ಹಿಡಿಯುವ ತೊಟ್ಟಿ ಇದೆ ಅಂತ ತಿಳಿಯಿರಿ. ಜೋರಾಗಿ ತುಂಬಿಸಿ ಖಾಲಿ ಮಾಡುವುದನ್ನು ೧೦೦ ಸಲ ಮಾಡಿದ ಮೇಲೆ ಅದು ಎಷ್ಟು ಕೊಡ ಹಿಡಿಯುತ್ತೆ?

೧೫ ನಿಮಿಷಕ್ಕೆ ತುಂಬುವ ವೇಗದಲ್ಲಿ: ತೂತಿಲ್ಲದ ಬ್ಯಾಟರಿ – ೬೯. ತೂತಿರುವ ಬ್ಯಾಟರಿ – ೯೭.
೧೦ ನಿಮಿಷಕ್ಕೆ ತುಂಬುವ ವೇಗದಲ್ಲಿ: ತೂತಿಲ್ಲದ ಬ್ಯಾಟರಿ – ೫೯. ತೂತಿರುವ ಬ್ಯಾಟರಿ – ೯೩.

ತೂತಿರುವ ಬ್ಯಾಟರಿಯನ್ನು ೬೦೦ ಸಲ ಹೀಗೆ ಮಾಡಿದ ಮೇಲೂ ೧೫ ನಿಮಿಷದ ವೇಗದಲ್ಲಿ ೯೧, ೧೦ ನಿಮಿಷದ ವೇಗದಲ್ಲಿ ೮೬ ಉಳಿದಿತ್ತು. ಪುಡಿ ಅದೇ, ದ್ರವ ಅದೇ. ದಾರಿ ಮಾಡಿಕೊಟ್ಟಿದ್ದಷ್ಟೇ ವ್ಯತ್ಯಾಸ. ನನಗೆ ಎಲ್ಲಕ್ಕಿಂತ ಆಶ್ಚರ್ಯ ಆಗಿದ್ದು ಇದೇ.

ಇನ್ನೂ ಎರಡು ಲಾಭ

ಒಂದು: ಬ್ಯಾಟರಿ ತಯಾರಿಸುವಾಗ ಒಳಗೆ ದ್ರವ ಹಾಕಿ, ಅದು ಎಲ್ಲಾ ಸಂದಿಗೂ ಇಳಿಯುವ ತನಕ ಕಾಯಬೇಕು. ಗೀರುಗಳಿದ್ದರೆ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ದ್ರವವನ್ನು ಬೇಗ ಎಳೆದುಕೊಳ್ಳುತ್ತವೆ.

ಎರಡು: ಗ್ರಾಫೈಟಿಗಿಂತ ಸಿಲಿಕಾನು ತೂಕಕ್ಕೆ ಸುಮಾರು ೧೦ ಪಟ್ಟು ಲಿಥಿಯಂ ಹಿಡಿಯಬಲ್ಲದು. ಆದರೆ ಅದು ತುಂಬಿದಾಗ ನೀರಲ್ಲಿ ನೆನೆಸಿದ ಕಡಲೆಗಿಂತ ಹೆಚ್ಚಾಗಿ, ಮೂರು ಪಟ್ಟಿಗೂ ಮೀರಿ ಉಬ್ಬುತ್ತೆ. ಖಾಲಿಯಾದಾಗ ಕುಗ್ಗುತ್ತೆ. ಹೀಗೆ ಉಬ್ಬಿ ಕುಗ್ಗಿ ಪದರ ಬಿರುಕು ಬಿಟ್ಟು ಉದುರುತ್ತೆ. ಗೀರು ಮಾಡಿಟ್ಟರೆ ಉಬ್ಬಲು ಪಕ್ಕದಲ್ಲಿ ಜಾಗ ಸಿಗುತ್ತೆ. ರೈಲು ಹಳಿಗಳ ನಡುವೆ ಸ್ವಲ್ಪ ಸಂದಿ ಬಿಡುವುದನ್ನು ಪಾಠದಲ್ಲಿ ಓದಿದ್ದೇವಲ್ಲ, ಅದೇ ಉಪಾಯ.

ಹಾಗಾದ್ರೆ ಎಲ್ಲಾ ಬ್ಯಾಟರಿಗೂ ಯಾಕೆ ಮಾಡಬಾರದು?

ಎಲ್ಲರ ಮನೆ ದೋಸೆಯೂ ತೂತು ಅನ್ನೋ ಗಾದೆ ಇದೆ. ಈ ಉಪಾಯಕ್ಕೂ ಕೊರತೆಗಳಿವೆ.

ತೂತು ಮಾಡಿದ ಜಾಗದ ಪುಡಿ ಹೋಗುತ್ತೆ. ನೂರಕ್ಕೆ ೧೦ ಭಾಗ ತೆಗೆದರೆ ಲಿಥಿಯಂ ಕೂರುವ ಜಾಗವೂ ನೂರಕ್ಕೆ ೧೦ ಕಡಿಮೆಯಾಯಿತು. ಅದಕ್ಕೇ ತೂತು ಆದಷ್ಟು ಸಣ್ಣದಿರಬೇಕು. ಪದರವನ್ನು ಸ್ವಲ್ಪ ದಪ್ಪ ಬಳಿದು ಆ ನಷ್ಟ ತುಂಬಿಕೊಳ್ಳಬಹುದು.

ಇನ್ನೊಂದು ತೊಂದರೆ ಸಮಯ. ಒಂದು ಲೆಕ್ಕ ಮಾಡೋಣ. ೧೦೦ ಮೈಕ್ರಾನಿಗೆ ಒಂದರಂತೆ ತೂತು ಮಾಡಬೇಕು ಅಂತಿಟ್ಟುಕೊಳ್ಳಿ. ಒಂದು ಮೀಟರ್ ಉದ್ದಕ್ಕೆ ೧೦,೦೦೦ ತೂತು. ಒಂದು ಚದರ ಮೀಟರಿಗೆ ೧೦,೦೦೦ × ೧೦,೦೦೦ = ೧೦ ಕೋಟಿ ತೂತು! ಕಾರ್ಖಾನೆಯಲ್ಲಿ ಹಾಳೆ ನಿಲ್ಲದೆ ಓಡುತ್ತಿರುತ್ತೆ. ಅದಕ್ಕೆ ಸರಿಸಮ ಲೇಸರ್ ಓಡಬೇಕು. ಅದಕ್ಕಾಗಿ ಒಂದು ಕಿರಣವನ್ನು ಹಲವು ಕಿರಣಗಳಾಗಿ ಒಡೆದು ಒಂದೇ ಸಲಕ್ಕೆ ಬಹಳ ತೂತು ಮಾಡುತ್ತಾರೆ, ಬೇಗ ಬೇಗ ತಿರುಗುವ ಕನ್ನಡಿಗಳಿಂದ ಕಿರಣವನ್ನು ಓಡಿಸುತ್ತಾರೆ. ಹಾರುವ ಧೂಳನ್ನು ಎಳೆದು ತೆಗೆಯುವ ಯಂತ್ರವೂ ಬೇಕು. ಇದಕ್ಕೆಲ್ಲಾ ಖರ್ಚು ಹೆಚ್ಚು.

ಬ್ಯಾಟರಿ ಒಂದು ಚೆನ್ನಾಗಿದ್ದರೂ ಸಾಲದು. ೧೦ ನಿಮಿಷದಲ್ಲಿ ಗಾಡಿ ತುಂಬಬೇಕಾದರೆ ಅಷ್ಟು ಕರೆಂಟು ಕೊಡುವ ದಪ್ಪ ತಂತಿ, ದೊಡ್ಡ ಚಾರ್ಜರು ಬೇಕು. ನಮ್ಮ ಮನೆಯ ಪ್ಲಗ್ಗು ಅದನ್ನು ತಡೆಯೋದಿಲ್ಲ. ಹಳ್ಳಿಗಳಿಗೂ ಇದರ ಲಾಭ ಸಿಗಬೇಕಾದರೆ ಒಳ್ಳೆ ಕರೆಂಟು ಲೈನೂ ಬರಬೇಕು.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಒಂದೇ ಅಳತೆಯ ಎರಡು ಗಾಜಿನ ಲೋಟ, ಜಿಗುಟು ಮಣ್ಣು, ಸೈಕಲ್ ಚಕ್ರದ ಹಳೆ ಕಡ್ಡಿ, ನೀರು, ಸ್ವಲ್ಪ ಕುಂಕುಮ.

ವಿಧಾನ: ಮಣ್ಣನ್ನು ಸ್ವಲ್ಪ ತೇವ ಮಾಡಿ ಎರಡು ಲೋಟಕ್ಕೂ ನಾಲ್ಕು ಬೆರಳು ಎತ್ತರ ಹಾಕಿ ಚೆನ್ನಾಗಿ ಒತ್ತಿ. ಒಂದು ಲೋಟದ ಮಣ್ಣಿಗೆ ಮಾತ್ರ ಕಡ್ಡಿಯಿಂದ ತಳದ ತನಕ ೧೦ ತೂತು ಮಾಡಿ. ಕೆಲವು ತೂತು ಗಾಜಿನ ಅಂಚಿಗೇ ಇರಲಿ. ಕುಂಕುಮ ಕಲಸಿದ ನೀರನ್ನು ಎರಡಕ್ಕೂ ಒಂದೇ ಅಳತೆಯಲ್ಲಿ ಹಾಕಿ. ಕೆಂಪು ನೀರು ಯಾವ ಲೋಟದಲ್ಲಿ ಮೊದಲು ತಳ ಮುಟ್ಟುತ್ತೆ ಅಂತ ಗಡಿಯಾರ ಇಟ್ಟುಕೊಂಡು ನೋಡಿ ಬರೆದಿಡಿ.

ಮಣ್ಣಿನಲ್ಲಿ ನೀರು ತನ್ನ ಭಾರಕ್ಕೆ ಇಳಿಯುತ್ತೆ. ಬ್ಯಾಟರಿಯಲ್ಲಿ ಅಯಾನು ಇಳಿಯುವುದಕ್ಕೆ ಕಾರಣ ಬೇರೆ. ಆದರೂ ನೇರ ದಾರಿ ಇದ್ದರೆ ತಳಕ್ಕೆ ಬೇಗ ಮುಟ್ಟಬಹುದು ಎಂಬುದು ಎರಡಕ್ಕೂ ಒಂದೇ.

ಎಚ್ಚರಿಕೆ! ಇದನ್ನು ತಪ್ಪದೇ ಓದಿ

ಈ ಲೇಖನ ಓದಿ ಯಾರೂ ಮೊಬೈಲ್ ಬ್ಯಾಟರಿಗೆ ತೂತು ಮಾಡಲು ಹೋಗಬೇಡಿ. ವಿಜ್ಞಾನಿಗಳು ತೂತು ಮಾಡುವುದು ಬ್ಯಾಟರಿ ಕಟ್ಟುವುದಕ್ಕೆ ಮೊದಲು, ಒಂದು ಹಾಳೆಯ ಮೇಲಿನ ಪುಡಿಗೆ ಮಾತ್ರ. ಆಗ ಅದರಲ್ಲಿ ದ್ರವವೂ ಇಲ್ಲ, ಚಾರ್ಜೂ ಇಲ್ಲ. ಕಟ್ಟಿ ಮುಗಿಸಿದ ಬ್ಯಾಟರಿಗೆ ಮೊಳೆ, ಸೂಜಿ ಚುಚ್ಚಿದರೆ ನಡುವಿನ ತಡಿಕೆ ಹರಿದು, ಧನ ಋಣ ಎರಡೂ ತಾಗಿ, ಕ್ಷಣದಲ್ಲಿ ಬೆಂಕಿ ಬರಬಹುದು.

ಹಳೆ ಮೊಬೈಲಿನ ಬ್ಯಾಟರಿ ದಿಂಬಿನ ಹಾಗೆ ಉಬ್ಬಿರುವುದನ್ನು ನೀವು ನೋಡಿರಬಹುದು. ಒಳಗೆ ಗಾಳಿ ತುಂಬಿದೆ, ಚುಚ್ಚಿ ಬಿಟ್ಟರೆ ಸರಿಹೋಗುತ್ತೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದನ್ನು ಚಾರ್ಜಿಗೆ ಹಾಕಬೇಡಿ, ಕಲ್ಲಿನಿಂದ ಜಜ್ಜಬೇಡಿ, ಒಲೆಗೆ ಎಸೆಯಬೇಡಿ. ತಮ್ಮ ತಂಗಿಯರ ಕೈಗೆ ಆಟಕ್ಕೆ ಕೊಡಬೇಡಿ. ದೊಡ್ಡವರಿಗೆ ಹೇಳಿ ಮೊಬೈಲ್ ರಿಪೇರಿ ಅಂಗಡಿಗೆ ಕೊಡಿಸಿ.

ಎಲ್ಲಿ, ಯಾವಾಗ, ಎಷ್ಟು ಸಣ್ಣ ತೂತು ಎಂಬುದು ಗೊತ್ತಿದ್ದು ಮಾಡಿದರೆ ಅದು ವಿಜ್ಞಾನ. ಗೊತ್ತಿಲ್ಲದೆ ಮಾಡಿದರೆ ಅನಾಹುತ.

– ೭ನೇ ತರಗತಿ